ಕಟ್ಟಿದ್ದರಲ್ಲಿ ಊರಿಗೂ ಒಂದು ಪಾಲು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮಕ್ಕಳು ಓಟದಾಗ ಗೆದ್ದು ಜಿಲ್ಲಾ ಮಟ್ಟಕ್ಕ ಹೋದರಂದ್ರ ಬಹಳ ಸಲ ಅವರು ಕಾಲಿಡೋದು ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಾಗ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೋಗುವ ಈ ಮಕ್ಕಳಿಗೆ ಆ ಶೆಟ್ಟರು ಯಾರು ಅಂತ ಗೊತ್ತಿರೋದು ಕಡಿಮೆ. ‘ಯಾರೋ ಮಂತ್ರಿ ಇದ್ದಿರಬೇಕ್ರಿ’ ಅಂತಾರ.

ಮಂತ್ರಿ ಅಲ್ಲ, ಕಂತ್ರಾಟುದಾರರು. ರಾಮ ನಾಗಪ್ಪ ಶೆಟ್ಟರು 1928ರ ಆಗಸ್ಟ್ 15ರಂದು ಮುರುಡೇಶ್ವರದ ಕೃಷಿಕ ಮನೆತನದಲ್ಲಿ ಹುಟ್ಟಿದರು. ತಂದೆ ಅಲ್ಲಿನ ದೇವಸ್ಥಾನದ ಮೊಕ್ತೇಸರರು. ಶಿರಸಿಯಲ್ಲಿ ಗುತ್ತಿಗೆ ಕೆಲಸ ಹಿಡಿದು, 1961ರಲ್ಲಿ ಸ್ವಂತ ಕಂಪನಿ ಕಟ್ಟಿ, ಆಮೇಲೆ ಘಟ್ಟದ ಮೇಲಿನ ನಮ್ಮ ಹುಬ್ಬಳ್ಳಿಯನ್ನೇ ನೆಲೆ ಮಾಡಿಕೊಂಡರು. ಹಿಡಕಲ್, ಹಳಿಯಾಳ ಕಡೆಯ ತಟ್ಟಿಹಳ್ಳ, ಗೇರುಸೊಪ್ಪದ ಅಣೆಕಟ್ಟುಗಳು, ಕೊಂಕಣ ರೈಲಿನ ಸುರಂಗಗಳು... ಇವುಗಳಲ್ಲೆಲ್ಲ ಅವರ ಕಂಪನಿಯ ಕೆಲಸ ಇದೆ. ಉಣಕಲ್ ಕೆರೆಯ ದಂಡೆಗೆ ಹೋಟೆಲು, ಗೋಕುಲ ರೋಡಿನಲ್ಲಿ ಟೈಲ್ಸ್ ಕಂಪನಿಯ ಕಚೇರಿ ಬಂದವು. ದುಡಿದರು, ಗಳಿಸಿದರು. ಅಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಕಾರಣವಿರಲಿಲ್ಲ.

ಗಳಿಸಿದ್ದನ್ನು ಹೊತ್ತುಕೊಂಡು ಅವರು ಹುಟ್ಟಿದೂರಿಗೆ ಮರಳಿದರು. ಅಪ್ಪ ನೋಡಿಕೊಳ್ಳುತ್ತಿದ್ದ ಗುಡಿಯ ಮಗ್ಗುಲಿಗೆ 123 ಅಡಿ ಎತ್ತರದ ಶಿವ ಕೂತ. ಲಿಫ್ಟಿನಲ್ಲಿ ಮೇಲೇರಿ ಸಮುದ್ರ ನೋಡಬಹುದಾದ 20 ಅಂತಸ್ತಿನ ರಾಜಗೋಪುರ ಎದ್ದಿತು. ನಮ್ಮ ಕಡೆಯ ಶಾಲೆಗಳ ಪ್ರವಾಸದಲ್ಲಿ ಮುರುಡೇಶ್ವರ ಇಲ್ಲದಿದ್ದರೆ ಈಗ ಮಕ್ಕಳೇ ಒಪ್ಪೋದಿಲ್ಲ! ಹಳೆಯ ಕಂದುಕಗಿರಿಯ ಶಾಂತಿ ಹೋಯಿತು, ಎಲ್ಲಾ ಸಿಮೆಂಟು ಆಯಿತು ಎಂದು ಬೇಸರಪಡುವವರೂ ಇದ್ದಾರೆ. ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಅವರು ಗುಡಿಗೇ ನಿಲ್ಲಲಿಲ್ಲ ಅನ್ನೋದನ್ನೂ ನೆನೆಯಬೇಕು. ಅದೇ ಊರಿಗೆ ಶಾಲೆ, ಕಾಲೇಜು, ಪಾಲಿಟೆಕ್ನಿಕ್, ಆಸ್ಪತ್ರೆ ಬಂದವು. ಕಡಲ ದಂಡೆಯ ಸಣ್ಣ ಊರಿನ ಹೆಣ್ಣುಮಗಳು ಕಾಲೇಜಿಗಾಗಿ ಬಸ್ಸು ಹತ್ತಿ ದೂರ ಹೋಗಬೇಕಿಲ್ಲ ಅನ್ನೋದು ಫೋಟೋದಲ್ಲಿ ಕಾಣುವ ಎತ್ತರವಲ್ಲ, ಆದರೂ ಎತ್ತರವೇ.

ಈ ಗುಣ ನಮ್ಮ ಮಣ್ಣಿಗೆ ಹೊಸದೇನಲ್ಲ. ನವಲಗುಂದ-ಶಿರಸಂಗಿ ಸಂಸ್ಥಾನದ ದೇಸಾಯಿ ಲಿಂಗರಾಜರು (1861–1906) ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದವರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರಿನಲ್ಲಿರುವುದು ಅವರೇ. ಒಬ್ಬರು ಅರಮನೆಯಲ್ಲಿ ಬಾಳಿದವರು, ಇನ್ನೊಬ್ಬರು ಕಲ್ಲು-ಮಣ್ಣಿನ ಕೆಲಸದಿಂದ ಮೇಲೆ ಬಂದವರು. ಇಬ್ಬರ ಲೆಕ್ಕದ ಪುಸ್ತಕದಲ್ಲೂ ಊರಿಗೆ ಅಂತ ಒಂದು ಪುಟವಿತ್ತು.

ಈಗ ನಮ್ಮ ತಾಲೂಕುಗಳಲ್ಲಿ ಆ ಪುಟವನ್ನು ಹುಡುಕಬೇಕಾಗಿದೆ. ಕಡಲೆ, ಹತ್ತಿ ಬೆಳೆಯುತ್ತಿದ್ದ ಎರಿ ಹೊಲಗಳು ಎನ್‌ಎ ಆಗಿ, ಕಲ್ಲು ನೆಟ್ಟು, ಬಣ್ಣದ ಕಮಾನು ಹಾಕಿಸಿಕೊಂಡು ಪ್ಲಾಟುಗಳಾಗುತ್ತಿವೆ. ಮನಿ ಬೇಕು, ಖರೆ. ಹೊಸ ಬಡಾವಣೆಯಲ್ಲಿ ಉದ್ಯಾನಕ್ಕೆ, ಸಾರ್ವಜನಿಕ ಬಳಕೆಗೆ ಜಾಗ ಬಿಡಬೇಕೆಂಬ ನಿಯಮವೂ ಇದೆ. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ಆ ಜಾಗ ಎಷ್ಟೋ ಕಡೆ ಜಾಲಿ ಬೆಳೆದು, ಕಸ ಸುರಿಯುವ ತಿಪ್ಪೆಯಾಗಿದೆ. ಮಕ್ಕಳು ರಸ್ತೆಯ ಮೇಲೆ ಕ್ರಿಕೆಟ್ ಆಡುತ್ತವೆ.

ಶೆಟ್ಟರು 2020ರ ಡಿಸೆಂಬರ್ 17ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಷ್ಟು ದೊಡ್ಡದು ಕಟ್ಟೋದು ಎಲ್ಲರಿಗೂ ಆಗದು. ಹತ್ತು ಬೇವಿನ ಗಿಡ, ಒಂದು ಮಣ್ಣಿನ ಮೈದಾನ, ಹಿರಿಯರು ಕೂಡಲು ಎರಡು ಕಟ್ಟೆ... ಇಷ್ಟನ್ನು ಯಾವ ಸಣ್ಣ ಡೆವಲಪರ್ ಆದರೂ ಮಾಡಬಹುದು. ಕೇಳುವವರಿದ್ದರೆ ಖಂಡಿತ ಮಾಡ್ತಾರ. ಅದಕ್ಕ, ಮುಂದಿನ ಸಲ ಪ್ಲಾಟ್ ನೋಡಾಕ ಹೋದಾಗ ಚದರಡಿ ರೇಟು ಕೇಳೋಕಿಂತ ಮೊದಲ ಇದನ್ನ ಕೇಳ್ರಿ: ‘ಹುಡುಗರು ಆಡೋ ಜಾಗ ಎಲ್ಲೈತ್ರಿ, ಯಜಮಾನ್ರ?’