ಕುಟ್ಟೆ ಹಿಡಿದರೆ ಮನೆ ಕೆಡವಬೇಕೆ?

 

ನಮ್ಮ ಸಮೇತನಹಳ್ಳಿಯಲ್ಲಿ ಹೆಂಚಿನ ಮನೆಗಳು ವರ್ಷ ವರ್ಷಕ್ಕೂ ಕಮ್ಮಿ ಆಗುತ್ತಿವೆ. ಕೆಡವೋರನ್ನು ಯಾಕೆ ಅಂತ ಕೇಳಿದರೆ "ಜಂತೆಗೆ ಕುಟ್ಟೆ ಹಿಡಿದೈತೆ, ಯಾವತ್ತು ತಲೆ ಮೇಲೆ ಬೀಳ್ತದೋ" ಅಂತಾರೆ. ಈಗ ನಮ್ಮ ಮನೆಯಲ್ಲೂ ಅದೇ ಮಾತು. ಅಪ್ಪ ಆರ್‌ಸಿಸಿ ಹಾಕಿಸೋಣ ಅಂತಾರೆ. ಅಜ್ಜಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಅಜ್ಜಿ ಕಡೆ. ಅವರ ಮೇಲಿನ ಪ್ರೀತಿಗೆ ಮಾತ್ರ ಅಲ್ಲ, ಕುಟ್ಟೆ ಹುಳು ಏನು ತಿನ್ನುತ್ತದೆ ಅಂತ ತಿಳಿದುಕೊಂಡಿದ್ದರಿಂದ.

ತಾಯಿಹುಳು ಮರದ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ತಿಂದು ಬೆಳೆದು, ಕೊನೆಗೆ ತೂತು ಕೊರೆದು ಆಚೆ ಬರುತ್ತದೆ. ಅಂದರೆ ನಮಗೆ ಕಾಣೋ ತೂತು ಹುಳ ಹೊರಟುಹೋದ ಬಾಗಿಲು. ಅದಕ್ಕೆ ಬೇಕಾದ್ದು ಪಿಷ್ಟ. ಅದು ಇರೋದು ತೊಗಟೆ ಪಕ್ಕದ ಬಿಳಿ ಭಾಗದಲ್ಲಿ. ಒಳಗಿನ ಚೇಗಿನ ತಂಟೆಗೆ ಈ ಹುಳು ಸಾಮಾನ್ಯವಾಗಿ ಹೋಗಲ್ಲ. ಅದಕ್ಕೇ ಎಳೆ ನೀಲಗಿರಿ ಗಳ, ಮಾವಿನ ಹಲಗೆ, ಬಿದಿರು ಬೇಗ ಹಿಟ್ಟಾಗುತ್ತವೆ, ತೇಗದ ಚೇಗು ನಿಲ್ಲುತ್ತದೆ. ಬೆಂಗಳೂರಿನ ಟಿಪ್ಪು ಅರಮನೆ 1791ರಲ್ಲಿ ಮುಗಿದದ್ದು, ಅದರ ತೇಗದ ಕಂಬಗಳು ಇವತ್ತೂ ನಿಂತಿವೆ. ನಮ್ಮದು ಅರಮನೆ ಅಲ್ಲ, ಒಪ್ಪಿದೆ.

ಹಿಂದಿನವರು ಬಿದಿರು ಕಡಿದು ಕೆರೆ ನೀರಲ್ಲಿ ನೆನೆಹಾಕುತ್ತಿದ್ದರು. ಸುಮ್ಮನೆ ಶಾಸ್ತ್ರಕ್ಕೆ ಅಂದುಕೊಂಡಿದ್ದೆ. ನೀರಿನಲ್ಲಿ ಪಿಷ್ಟ, ಸಕ್ಕರೆ ಅಂಶ ಕಮ್ಮಿ ಆದರೆ ಹುಳಕ್ಕೆ ಊಟ ಎಲ್ಲಿ?

ಹೋದ ವರ್ಷ ಅಪ್ಪ ಟೊಮೇಟೊ ತೋಟಕ್ಕೆ ಹೊಡೆಯೋ ಔಷಧಿಯನ್ನೇ ಅಟ್ಟಕ್ಕೆ ಹೊಡೆದರು. ವಾಸನೆಗೆ ಮೂರು ರಾತ್ರಿ ಪಕ್ಕದ ಮನೆ ಜಗಲಿಯಲ್ಲಿ ಮಲಗಿದೆವು. ಅಟ್ಟದ ಮೇಲಿದ್ದ ಎರಡು ಮೂಟೆ ರಾಗಿಯನ್ನು ದನಕ್ಕೂ ಹಾಕದೆ ಗುಂಡಿ ತೋಡಿ ಮುಚ್ಚಬೇಕಾಯಿತು. ಅದನ್ನು ಕಳೆ ಕಿತ್ತು ಬೆಳೆದವರು ಅಮ್ಮ. ನಾಲ್ಕು ತಿಂಗಳಿಗೆ ಮತ್ತೆ ಪುಡಿ ಉದುರಿತು. ಔಷಧಿ ಮರದ ಮೇಲೆ, ಹುಳ ಮರದ ಒಳಗೆ! ಬಣ್ಣ ಬಳಿದರೂ ಅಷ್ಟೆ, ಒಳಗಿರೋದು ಬಣ್ಣ ಕೊರೆದುಕೊಂಡೇ ಬರುತ್ತದೆ.

ಆದ್ದರಿಂದ ಕೆಡವೋ ಮುಂಚೆ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಹಳೇ ಪುಡಿ ಗುಡಿಸಿ, ಜಂತೆಗಳ ಕೆಳಗೆ ಪೇಪರ್ ಹಾಸಿ ಒಂದು ತಿಂಗಳು ಬಿಡಿ. ಹಳೇ ತೂತಿಂದಲೂ ಸ್ವಲ್ಪ ಪುಡಿ ಉದುರಬಹುದು, ಆದರೆ ಗುಡಿಸಿದಷ್ಟೂ ಹೊಸ ಪುಡಿ ಬೀಳುತ್ತಿದ್ದರೆ ಹುಳ ಇದೆ ಅಂತ. ದೊಡ್ಡವರು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಲಿ. ಮೇಲ್ಮೇಲೆ ಹೋಗಿ ಗಟ್ಟಿ ಸಿಕ್ಕರೆ ಚೇಗು ಉಳಿದಿದೆ. ಸರಕ್ಕನೆ ಒಳಗೆ ಹೋದರೆ ಆ ಜಂತೆ ಬದಲಾಯಿಸಲೇಬೇಕು, ಅಲ್ಲೀತನಕ ಅದರ ಕೆಳಗೆ ಯಾರೂ ಮಲಗಬಾರದು. ಉಳಿದದ್ದಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಬಣ್ಣವಿಲ್ಲದ ಮರಕ್ಕೆ ಕುಡಿಸುತ್ತಾರೆ. ಹೆಂಚು ಸೋರಿದರೆ ಅದು ತೊಳೆದುಹೋಗುತ್ತದೆ, ಮೊದಲು ಹೆಂಚು ಸರಿಮಾಡಿ. (ಮಣ್ಣಿನ ಸಾಲು ಕಂಡರೆ ಅದು ಗೆದ್ದಲು, ಅದರ ಕಥೆಯೇ ಬೇರೆ.)

ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಪ್ರಯೋಗಾಲಯವಾಗಿ ಶುರುವಾದದ್ದು. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಅಲ್ಲಿ ಒಂದು ಮಾತೂ ಕೇಳದೆ ಜೆಸಿಬಿ ಕರೆಸೋದು ಯಾವ ನ್ಯಾಯ?

ಅಪ್ಪ ಯುಗಾದಿ ತನಕ ಟೈಮು ಕೊಟ್ಟಿದ್ದಾರೆ. ಪೇಪರ್ ಹಾಸಿ ಇವತ್ತಿಗೆ 11 ದಿನ. ನಮ್ಮ ಪಡಸಾಲೆಗೆ ಒಟ್ಟು 9 ಜಂತೆ. ಪುಡಿ ಬಿದ್ದಿರೋದು 2ರ ಕೆಳಗೆ ಮಾತ್ರ.