ಸಾಲದ ವರದಿಗೂ ಬೀಗ ಬೇಕು

ನನ್ನಲ್ಲಿ ಲೆಕ್ಕಪತ್ರ ಪರಿಶೋಧನೆ ಮಾಡಿಸುವ, ಕೆಂಗೇರಿಯಲ್ಲಿ ಸಣ್ಣ ಘಟಕವೊಂದನ್ನು ನಡೆಸುವ ಉದ್ಯಮಿಯೊಬ್ಬರ ಓವರ್‌ಡ್ರಾಫ್ಟ್ ನವೀಕರಣವು ಕಳೆದ ವರ್ಷ ಹಠಾತ್ತನೆ ನಿಂತುಹೋಯಿತು. ಅವರು ಎಂದೂ ಪಡೆಯದ ಆನ್‌ಲೈನ್ ಸಾಲವೊಂದು ಅವರ ಪ್ಯಾನ್ ಸಂಖ್ಯೆಯಲ್ಲಿ ಬಾಕಿಯೆಂದು ದಾಖಲಾಗಿತ್ತು. ಮೊತ್ತ ಹತ್ತು ಸಾವಿರಕ್ಕೂ ಕಡಿಮೆ. ಆದರೆ ಅದನ್ನು ಅಳಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು. ಕಚ್ಚಾಮಾಲಿನ ಬಾಕಿ ತೀರಿಸಲು ಅವರು ಅಧಿಕ ಬಡ್ಡಿಗೆ ಕೈಸಾಲ ಮಾಡಬೇಕಾಯಿತು.

ಏಕಮಾಲೀಕತ್ವದ ವ್ಯವಹಾರದಲ್ಲಿ ಮಾಲೀಕನ ಪ್ಯಾನ್ ಸಂಖ್ಯೆಯೇ ವ್ಯವಹಾರದ ಪ್ಯಾನ್ ಸಂಖ್ಯೆ. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಾಂಕಗಳಲ್ಲಿ ಮೂರರಿಂದ ಹನ್ನೆರಡರವರೆಗಿನವು ಅದೇ ಪ್ಯಾನ್. ಅಂದರೆ ನಾವು ನೀಡುವ ಪ್ರತಿ ಬಿಲ್ಲಿನಲ್ಲಿಯೂ ಅದು ಅಚ್ಚಾಗಿರುತ್ತದೆ. ದಾಖಲೆಗಳನ್ನು ಜೋಪಾನವಾಗಿಡಿ ಎಂಬ ಉಪದೇಶ ಸರಿಯಾದುದೇ. ಆದರೆ ಕಾನೂನೇ ಬಹಿರಂಗಪಡಿಸಿದ್ದನ್ನು ವರ್ತಕನು ಬಚ್ಚಿಡುವುದೆಂತು?

ಆದ್ದರಿಂದ ಬೀಗ ಬೀಳಬೇಕಾದುದು ವರದಿಯ ಮೇಲೆ. ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ 2017ರಲ್ಲಿ ಸೋರಿಕೆಯಾದ ಬಳಿಕ, ಅಮೆರಿಕದಲ್ಲಿ 2018ರ ಸೆಪ್ಟೆಂಬರ್‌ನಿಂದ ಪ್ರತಿಯೊಬ್ಬರೂ ತಮ್ಮ ಸಾಲದ ವರದಿಯನ್ನು ಉಚಿತವಾಗಿ ಸ್ತಂಭನಗೊಳಿಸಬಹುದು. ವರದಿ ದೊರೆಯದಿದ್ದಲ್ಲಿ ಹೊಸ ಸಾಲದಾತ ಸಾಮಾನ್ಯವಾಗಿ ಸಾಲ ನೀಡುವುದಿಲ್ಲ. ಇದರಿಂದ ನಿಜವಾದ ಸಾಲಕ್ಕೂ ವಿಳಂಬವಾಗದೇ ಎಂದು ಕೆಲವರು ಕೇಳಬಹುದು. ದೂರವಾಣಿ ಅಥವಾ ಆನ್‌ಲೈನ್ ಮೂಲಕ ಕೋರಿದ ಒಂದು ಗಂಟೆಯೊಳಗೆ ಸ್ತಂಭನ ತೆರವುಗೊಳಿಸಬೇಕೆಂದು ಅಲ್ಲಿನ ಕಾನೂನು ವಿಧಿಸಿದೆ.

ನಮ್ಮಲ್ಲಿಯೂ ಈ ಕಲ್ಪನೆ ಹೊಸದಲ್ಲ. ನೋಂದಣಿ ಪತ್ರಗಳಲ್ಲಿನ ಬೆರಳಚ್ಚು ಬಳಸಿ ಖಾತೆಗಳಿಂದ ಹಣ ಕದ್ದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ವರದಿಯಾದಾಗ, ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವಂತೆ ಜನರಿಗೆ ಸಲಹೆ ನೀಡಲಾಯಿತು. ಬೆರಳಚ್ಚಿಗೆ ಇರುವ ಈ ರಕ್ಷಣೆಯನ್ನು 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯು ಸಾಲದ ವರದಿಗೆ ಹಕ್ಕಾಗಿ ನೀಡಿಲ್ಲ.

ಅಲ್ಲಿಯವರೆಗೆ ಇರುವ ಸೌಲಭ್ಯವನ್ನಾದರೂ ಬಳಸೋಣ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ಮೂರು ತಿಂಗಳಿಗೊಂದರಂತೆ ಪಡೆದರೆ ವರ್ಷವಿಡೀ ಕಾವಲು ಇದ್ದಂತೆ. ವರದಿಯ ಕೊನೆಯಲ್ಲಿರುವ ವಿಚಾರಣೆಗಳ ಪಟ್ಟಿಯನ್ನು ತಪ್ಪದೆ ಓದಿ. ಅಪರಿಚಿತ ಸಾಲದಾತನ ಹೆಸರಿದ್ದರೆ ಅದೇ ಮೊದಲ ಸುಳಿವು. ನಿಮ್ಮ ವರದಿಯನ್ನು ಯಾರಾದರೂ ಪಡೆದಾಗ ಎಸ್ಎಂಎಸ್ ಅಥವಾ ಇ-ಮೇಲ್ ಮೂಲಕ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆದುದರಿಂದ ಬ್ಯಾಂಕಿನಲ್ಲಿ ಈಗಿನ ಮೊಬೈಲ್ ಸಂಖ್ಯೆಯೇ ಇರಲಿ. ತಪ್ಪಿನ ಬಗ್ಗೆ ಸಲ್ಲಿಸಿದ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರಕ್ಕೂ ಅವಕಾಶವಿದೆ.

ಆದರೆ ದಿನಕ್ಕೆ ನೂರು ರೂಪಾಯಿಯಿಂದ ನಿಂತ ಯಂತ್ರ ತಿರುಗದು. ಕಳ್ಳತನವಾದ ಮೇಲಿನ ಪರಿಹಾರಕ್ಕಿಂತ ಮೊದಲೇ ಬೀಗ ಹಾಕುವ ಹಕ್ಕು ಮೇಲು. ನಮ್ಮ ಸಂಸ್ಥೆಯು ಈ ಕುರಿತು ರಿಸರ್ವ್ ಬ್ಯಾಂಕಿಗೆ ಮನವಿ ಸಲ್ಲಿಸಬೇಕೆಂದು ಸದಸ್ಯ ಬಾಂಧವರ ಮುಂದೆ ವಿನಂತಿಸುತ್ತೇನೆ.