ಈ ವರ್ಷದ ಪ್ರವಾಸ ದಿವಾನ್-ಎ-ಆಮ್‌ಗೆ ಹೋಗಲಿ

ನಮ್ಮ ಕಾಲೇಜಿನ ಶೈಕ್ಷಣಿಕ ಪ್ರವಾಸ ಈ ವರ್ಷ ಬೀದರ್ ಕೋಟೆಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕೋಟೆಗೆ ಎಂದರೆ ಬುರುಜು ಹತ್ತಿ ಫೋಟೋ ತೆಗೆದು ಬರುವುದಕ್ಕಲ್ಲ, ಅದರೊಳಗಿರುವ ದಿವಾನ್-ಎ-ಆಮ್ ಎಂಬ ಸಭಾಂಗಣವನ್ನು ನೋಡುವುದಕ್ಕೆ. ಈ ಮಾತು ಹೇಳಿದಾಗ ತರಗತಿಯಲ್ಲಿ ಎಲ್ಲರೂ ನಕ್ಕರು. "ಕೋಟ್ಯಾಗ ಏನದ ನೋಡಾಕ? ದಿನಾ ಕಾಣ್ತದಲ್ಲ" ಎಂದು ಗೆಳತಿಯೊಬ್ಬಳು ಕೇಳಿದಳು. ಅವಳಿಗೆ ಆಗ ಸರಿಯಾಗಿ ಉತ್ತರ ಹೇಳಲು ಗಂಟೆ ಹೊಡೆಯಿತು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಹೇಳುತ್ತೇನೆ. ಕಳೆದ ವರ್ಷದ ಪ್ರವಾಸಕ್ಕೆ ನಮ್ಮ ತರಗತಿಯಿಂದ ಹೋದವರಿಗಿಂತ ಉಳಿದವರೇ ಹೆಚ್ಚು. ಕೆಲವರಿಗೆ ಹಣದ ತೊಂದರೆ. ಒಂದೇ ಮನೆಯಲ್ಲಿ ಮೂವರು ಓದುತ್ತಿದ್ದರೆ ಪ್ರವಾಸದ ಹಣ ಕೇಳುವುದು ಹೇಗೆ? ಕೆಲವು ಹುಡುಗಿಯರಿಗೆ ರಾತ್ರಿ ಹೊರಗೆ ಉಳಿಯಲು ಮನೆಯಲ್ಲಿ ಒಪ್ಪಲಿಲ್ಲ. ಔರಾದ್, ಭಾಲ್ಕಿ ಕಡೆಯ ಹಳ್ಳಿಗಳಿಂದ ಬರುವವರಿಗೆ ಬೆಳಗಿನ ಜಾವ ಹೊರಡುವ ಬಸ್ಸಿಗೆ ಬಂದು ಮುಟ್ಟುವುದೇ ಕಷ್ಟ. ಇದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಪ್ರವಾಸ ಮುಗಿದ ಮೇಲೆ ಒಂದು ವಾರ ತರಗತಿಯಲ್ಲಿ ಅದೇ ಮಾತು, ಅದೇ ಫೋಟೋಗಳು. ಹೋಗದವರು ಆ ವಾರ ಸುಮ್ಮನೆ ನೋಟ್ಸ್ ಬರೆಯುತ್ತಾ ಕುಳಿತಿದ್ದರು. 'ಶೈಕ್ಷಣಿಕ' ಎಂದು ಹೆಸರಿಟ್ಟ ಮೇಲೆ ಅದು ಎಲ್ಲರಿಗೂ ಸಿಗಬೇಕಲ್ಲವೇ? ಪಾಠವನ್ನು ಅರ್ಧ ತರಗತಿಗೆ ಮಾತ್ರ ಹೇಳುವ ಉಪನ್ಯಾಸಕರು ನಮ್ಮಲ್ಲಿ ಯಾರೂ ಇಲ್ಲ. ಪ್ರವಾಸ ಮಾತ್ರ ಏಕೆ ಹಾಗೆ?

ಇಲ್ಲಿಂದಲೇ ನನಗೆ ದಿವಾನ್-ಎ-ಆಮ್ ನೆನಪಾಗುತ್ತದೆ. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ದಖ್ಖನಿ ಮಾತಾಡುವವರು, 'ಆಮ್' ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಮ್ ಎಂದರೆ ಎಲ್ಲರದು, ಸಾಮಾನ್ಯರದು. ಅದರ ಎದುರು ಪದ ಖಾಸ್, ಆಯ್ದ ಕೆಲವರದು. ಅರಸನ ಕೋಟೆಯೊಳಗೆ ಸಾಮಾನ್ಯ ಜನರ ಹೆಸರು ಹೊತ್ತ ಕಟ್ಟಡ ಇದು. ಅರಸ ತನ್ನ ಪ್ರಜೆಗಳಿಗೆ ದರ್ಶನ ಕೊಟ್ಟು, ಅವರ ಅಹವಾಲು ಕೇಳುವ ಸಾರ್ವಜನಿಕ ದರ್ಬಾರಿನ ಜಾಗ. ಹಳೆಯ ಕಾಲದ ಬೀದರಿನಲ್ಲಿ ಇಂದಿನ ಪುರಭವನಕ್ಕೆ ಹತ್ತಿರವಾದ ಕಟ್ಟಡ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದನ್ನು ನಾವು ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಕೋಟೆಯೊಳಗೆ ತಖ್ತ್ ಮಹಲ್, ಗಗನ್ ಮಹಲ್, ತರ್ಕಶ್ ಮಹಲ್, ಸೋಲಾ ಖಂಬ ಮಸೀದಿ ಎಲ್ಲ ಇವೆ. ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಕೇಳುವುದು ರಂಗೀನ್ ಮಹಲನ್ನು. ಬರೀದ್ ಶಾಹಿ ಅರಸ ಅಲಿ ಬರೀದ್ ಕಾಲದ ಆ ಮರದ ಕೆತ್ತನೆ, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಯಾರಿಗಾದರೂ ಬೇಕು ಅನಿಸುವಂಥದ್ದೇ. ದಿವಾನ್-ಎ-ಆಮ್ ಹಾಗಿಲ್ಲ. ಅದಕ್ಕೆ ಜಾಲಿ ಮಹಲ್ ಎಂದೂ ಹೆಸರಿದೆ. ಚಾವಣಿ ಇಲ್ಲ. ಸಭಾಂಗಣವನ್ನು ಹೊತ್ತಿದ್ದ ಮರದ ಕಂಬಗಳು ಎಂದೋ ಹೋಗಿವೆ. ನೆಲದಲ್ಲಿ ಸಾಲಾಗಿ ಅವುಗಳ ಕಲ್ಲಿನ ಪೀಠಗಳು ಮಾತ್ರ ಉಳಿದಿವೆ. ಗೋಡೆಗಳಲ್ಲಿ ಅಲ್ಲಲ್ಲಿ ಬಣ್ಣದ ಹೆಂಚಿನ ಚೂರುಗಳು ಕಾಣುತ್ತವೆ. ಅಷ್ಟೇ.

ಈ 'ಅಷ್ಟೇ' ಎನ್ನುವ ಕಾರಣಕ್ಕೇ ಅದು ವಿದ್ಯಾರ್ಥಿಗಳಿಗೆ ಒಳ್ಳೆಯ ಜಾಗ ಎಂದು ನನ್ನ ವಾದ. ಹೈದರಾಬಾದಿನ ಚೌಮಹಲ್ಲಾ ಅರಮನೆಯ ದರ್ಬಾರಿನಲ್ಲಿ ದೊಡ್ಡ ದೊಡ್ಡ ಗಾಜಿನ ದೀಪದ ಗೊಂಚಲುಗಳಿವೆ. ಅಲ್ಲಿ ಕತ್ತೆತ್ತಿ ನೋಡುತ್ತೇವೆ, 'ವಾಹ್' ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ದಿವಾನ್-ಎ-ಆಮ್‌ನಲ್ಲಿ ಕತ್ತು ಬಗ್ಗಿಸಿ ನೋಡಬೇಕು, ಲೆಕ್ಕ ಹಾಕಬೇಕು, ಊಹಿಸಬೇಕು. ಈ ಪೀಠದ ಮೇಲೆ ಎಷ್ಟು ದಪ್ಪದ ಕಂಬ ನಿಂತಿರಬಹುದು? ಕಂಬದಿಂದ ಕಂಬಕ್ಕೆ ಎಷ್ಟು ಅಂತರ? ಅರಸ ಎಲ್ಲಿ ಕುಳಿತರೆ ಎಲ್ಲರಿಗೂ ಕಾಣುತ್ತಿದ್ದ? ಕೊನೆಯ ಸಾಲಿನಲ್ಲಿ ನಿಂತ ರೈತನ ದನಿ ಅಲ್ಲಿಗೆ ಮುಟ್ಟುತ್ತಿತ್ತೇ? ಈ ಪ್ರಶ್ನೆಗಳಿಗೆ ವಿಜ್ಞಾನ ವಿಭಾಗದವರು ಟೇಪು ಹಿಡಿದು ಉತ್ತರ ಹುಡುಕಬಹುದು. ಮರ ಏಕೆ ಉಳಿಯಲಿಲ್ಲ, ಕಲ್ಲು ಏಕೆ ಉಳಿಯಿತು, ಸುಣ್ಣದ ಗಾರೆ ಇಷ್ಟು ಮಳೆಗಾಲ ಹೇಗೆ ತಡೆಯಿತು ಎಂಬುದೂ ಅವರದೇ ವಿಷಯ. ಪ್ರವಾಸಿಗರು ಬಂದರೆ ಊರಿನ ಆಟೋದವರಿಗೆ, ಬಿದರಿ ಕೆಲಸದವರಿಗೆ ಏನು ಸಿಗುತ್ತದೆ ಎಂಬುದನ್ನು ವಾಣಿಜ್ಯ ವಿಭಾಗದವರು ಕೇಳಿ ಬರೆದುಕೊಳ್ಳಲಿ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ ಅವರು ಬೀದರಿನ ಸ್ಮಾರಕಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ ಬರೆದ ದೊಡ್ಡ ಪುಸ್ತಕ 1947ರಲ್ಲಿ ಪ್ರಕಟವಾಯಿತು. ನಾವು ಮಾಡುವುದು ಅಂಥ ಕೆಲಸದ ಬಹಳ ಚಿಕ್ಕ ಮಾದರಿ, ಆದರೆ ಕೆಲಸ ಅದೇ ಜಾತಿಯದು.

ಜನರ ಸಭೆ ಸೇರುವ ಕಟ್ಟಡವನ್ನು ನೋಡಲು ಹೋಗುವುದು ಬೇರೆ ಊರುಗಳಲ್ಲಿ ಹೊಸದೇನಲ್ಲ. ಇಟಲಿಯ ಸಿಯೆನಾ ಪಟ್ಟಣದ ಪುರಭವನಕ್ಕೆ ಪ್ರಪಂಚದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲಿ ಪಟ್ಟಣವನ್ನು ಆಳುತ್ತಿದ್ದ ಒಂಬತ್ತು ಮಂದಿ ಸಭೆ ಸೇರುವ ಕೋಣೆಯ ಗೋಡೆಗಳ ಮೇಲೆ ಆಂಬ್ರೋಜೊ ಲೊರೆನ್ಸೆಟ್ಟಿ ಎಂಬ ಚಿತ್ರಕಾರ 1338-39ರಲ್ಲಿ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಚಿತ್ರಗಳನ್ನು ಬರೆದ. ಒಂದು ಕಡೆ ಜನ ಮನೆ ಕಟ್ಟುತ್ತಿದ್ದಾರೆ, ವ್ಯಾಪಾರ ಮಾಡುತ್ತಿದ್ದಾರೆ, ಒಬ್ಬ ಗುರು ಪಾಠ ಹೇಳುತ್ತಿದ್ದಾನೆ. ಇನ್ನೊಂದು ಕಡೆ ಊರು ಹಾಳುಬಿದ್ದಿದೆ. ನಾನು ಇದನ್ನು ನೋಡಿದ್ದು ಚಿತ್ರಗಳಲ್ಲಿ ಮಾತ್ರ. ಆದರೂ ಆ ಯೋಚನೆ ನನಗೆ ಹಿಡಿಸಿತು. ತೀರ್ಮಾನ ಮಾಡುವವರು ತಲೆ ಎತ್ತಿದರೆ ತಮ್ಮ ತೀರ್ಮಾನದ ಫಲ ಗೋಡೆಯ ಮೇಲೆ ಕಾಣಬೇಕು. ಆ ಕಟ್ಟಡದಲ್ಲಿ ಇಂದಿಗೂ ಊರಿನ ಆಡಳಿತ ನಡೆಯುತ್ತದೆ, ಪ್ರವಾಸಿಗರೂ ಬರುತ್ತಾರೆ.

ನಮ್ಮ ರಾಜ್ಯದಲ್ಲೂ ಉದಾಹರಣೆಗಳಿವೆ. ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಪುರಭವನವಿದೆ. ಅದನ್ನು ಕಟ್ಟಿದ್ದು ದಿವಾನ್ ಸಿ. ರಂಗಾಚಾರ್ಲು ಅವರ ನೆನಪಿಗೆ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲಿ. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ 1935ರದು. ಅದರ ಎತ್ತರದ ಕಂಬಗಳಿಗಿಂತ ಅದರ ಮುಂದಿನ ಮೆಟ್ಟಿಲುಗಳೇ ಹೆಚ್ಚು ಹೆಸರುವಾಸಿ. ಎಷ್ಟೋ ವರ್ಷ ಕಾರ್ಮಿಕರು, ರೈತರು, ವಿದ್ಯಾರ್ಥಿಗಳು ಆ ಮೆಟ್ಟಿಲ ಮೇಲೆ ನಿಂತು ತಮ್ಮ ಬೇಡಿಕೆ ಹೇಳಿದ್ದಾರೆ. ಮೈಸೂರಿಗೆ ಪ್ರವಾಸ ಹೋದವರು ಅರಮನೆ ನೋಡುತ್ತಾರೆ, ಪುರಭವನದ ಮುಂದೆ ಬಸ್ಸು ನಿಲ್ಲುವುದಿಲ್ಲ. ಬೀದರಿನಲ್ಲೂ ಹಾಗೆಯೇ, ರಂಗೀನ್ ಮಹಲ್ ನೋಡಿ ದಿವಾನ್-ಎ-ಆಮ್ ದಾಟಿಹೋಗುತ್ತಾರೆ. ಅರಸ ಮಲಗಿದ ಜಾಗ ನೋಡುವ ನಮಗೆ ಜನ ನಿಂತ ಜಾಗ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ದಿವಾನ್-ಎ-ಆಮ್ ಇತ್ತು ಎಂದ ಮಾತ್ರಕ್ಕೆ ಆಗ ಪ್ರಜಾಪ್ರಭುತ್ವ ಇತ್ತು ಎಂದು ನಾನು ಹೇಳುತ್ತಿಲ್ಲ. ಅರಸ ಕೇಳಿದರೆ ಕೇಳಿದ, ಇಲ್ಲದಿದ್ದರೆ ಇಲ್ಲ. ಕೇಳಿಸಿಕೊಳ್ಳುವುದು ಅವನ ದಯೆ, ಪ್ರಜೆಯ ಹಕ್ಕಲ್ಲ. ಇದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿ ಇದೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಾವೆಲ್ಲ ಓಡಾಡುತ್ತೇವೆ. ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಆ ವಿದ್ವಾಂಸನ ಮೊಹರು ಬಳಸಿ ಅವನ ವಿರೋಧಿಗಳು ಒಂದು ಸುಳ್ಳು ಪತ್ರ ಸೃಷ್ಟಿಸಿದರು. 1481ರಲ್ಲಿ ಸುಲ್ತಾನ ಅದನ್ನು ನಂಬಿ, ಸರಿಯಾದ ವಿಚಾರಣೆ ಇಲ್ಲದೆ, ಅವನನ್ನು ಕೊಲ್ಲಿಸಿದ. ಜನರ ಅಹವಾಲು ಕೇಳಲು ದೊಡ್ಡ ಸಭಾಂಗಣ ಇದ್ದ ರಾಜ್ಯದಲ್ಲಿ ಪ್ರಧಾನಿಯ ಮಾತನ್ನೇ ಕೇಳಲಿಲ್ಲ! ಕಟ್ಟಡ ಇದ್ದರೆ ಸಾಲದು, ಕೇಳುವ ಕಿವಿ ಬೇಕು, ಕೇಳಲೇಬೇಕೆಂಬ ಕಾನೂನೂ ಬೇಕು ಎಂಬ ಪಾಠ ಬೀದರಿನಷ್ಟು ಹತ್ತಿರದಿಂದ ಬೇರೆ ಯಾವ ಊರು ಹೇಳಿಕೊಟ್ಟೀತು?

ಹಾಗಾಗಿ ಆ ಕೋಟೆಯನ್ನು ಬರೀ ಹೆಮ್ಮೆಯಿಂದ ನೋಡುವುದೂ ಬೇಡ, ಅದು ನಮ್ಮದಲ್ಲ ಎಂದು ದೂರ ನಿಲ್ಲುವುದೂ ಬೇಡ. ಅದನ್ನು ಕಟ್ಟಿದ ಕೈಗಳು ಯಾವ ಒಂದು ಜಾತಿ, ಒಂದು ಮತ, ಒಂದು ಭಾಷೆಯವರದೂ ಆಗಿರಲಿಲ್ಲ. ಕಲ್ಲು ಕಡಿದವರು, ಮರ ಕೆತ್ತಿದವರು, ಸುಣ್ಣ ಅರೆದವರು ಎಲ್ಲರಿಗೂ ಅದರಲ್ಲಿ ಪಾಲಿದೆ. ನಮ್ಮ ತರಗತಿಯ ಪ್ರತಿ ಬೆಂಚಿಗೂ ಇದೆ.

ಒಬ್ಬ ಉಪನ್ಯಾಸಕರು ನನ್ನ ಮಾತಿಗೆ ನ್ಯಾಯವಾದ ಆಕ್ಷೇಪ ಎತ್ತಿದರು. "ಹುಟ್ಟಿದ ಊರಲ್ಲೇ ಸುತ್ತಿದರೆ ಪ್ರಪಂಚ ನೋಡುವುದು ಯಾವಾಗಮ್ಮ? ಮೊದಲ ಸಲ ಸಮುದ್ರ ನೋಡುವ ಹುಡುಗನ ಮುಖ ನೀನು ನೋಡಿದ್ದೀಯಾ?" ಎಂದರು. ಅವರ ಮಾತು ನಿಜ. ದೂರದ ಪ್ರವಾಸ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಹೋಗಬಲ್ಲವರು ಹೋಗಲಿ, ಹೋಗಲಾರದವರಿಗೆ ಕಾಲೇಜು ಏನಾದರೂ ದಾರಿ ಹುಡುಕಲಿ. ಆದರೆ ಅದಕ್ಕೆ ಮೊದಲು ವರ್ಷಕ್ಕೆ ಒಂದು ದಿನವಾದರೂ ಒಬ್ಬರೂ ಬಿಟ್ಟುಹೋಗದ ಪ್ರವಾಸ ಇರಲಿ. ಅದೂ ಅಲ್ಲದೆ, ಊರಲ್ಲೇ ಇರುವುದನ್ನು ನೋಡಲು ಕಲಿತವರು ದೂರ ಹೋದಾಗ ಇನ್ನೂ ಚೆನ್ನಾಗಿ ನೋಡುತ್ತಾರೆ.

ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಚಳಿಗಾಲದ ಒಂದು ದಿನ ಸಾಕು. ಬೆಳಿಗ್ಗೆ ಕಾಲೇಜಿನ ಸಮಯಕ್ಕೇ ಸೇರೋಣ, ಸಂಜೆ ಹಳ್ಳಿಯ ಬಸ್ಸು ಬಿಡುವ ಮೊದಲೇ ಮುಗಿಸೋಣ. ಮೈಲೂರಿನಿಂದ ಚೌಬಾರಾದವರೆಗೆ ಆಟೋ ಅಥವಾ ಬಸ್ಸು, ಅಲ್ಲಿಂದ ಗವಾನ್ ಮದರಸಾ ನೋಡಿಕೊಂಡು ಕೋಟೆಗೆ ನಡಿಗೆ. ಕೋಟೆಯ ಕೆಲವು ಕಟ್ಟಡಗಳಿಗೆ ಬೀಗ ಹಾಕಿರುತ್ತಾರೆ, ಆದ್ದರಿಂದ ಪ್ರಾಂಶುಪಾಲರ ಪತ್ರವನ್ನು ಮುಂಚೆಯೇ ಕೊಟ್ಟಿರಬೇಕು. ಊಟ ಮನೆಯಿಂದ. ಪ್ರವಾಸದ ಶುಲ್ಕ ಬೇಡವೇ ಬೇಡ. ಮೂರೂ ವಿಭಾಗದವರನ್ನು ಬೆರೆಸಿ ಹತ್ತು ಹತ್ತು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಪ್ರಶ್ನೆ ಕೊಡಲಿ. ಉತ್ತರಗಳು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರಲಿ. ಗೋಡೆಯ ಮೇಲೆ ಹೆಸರು ಗೀಚುವುದು, ಹೆಂಚಿನ ಚೂರು ಮುಟ್ಟಿ ನೋಡುವುದು ಇರಬಾರದು. ಬರುವಾಗ ನಮ್ಮ ಕಸ ನಮ್ಮ ಚೀಲದಲ್ಲೇ ಬರಬೇಕು.

ಇನ್ನೊಂದು ಸೇರ್ಪಡೆಯನ್ನೂ ಸೂಚಿಸುತ್ತೇನೆ. ಹಳೆಯ ಸಭಾಂಗಣ ನೋಡಿದ ಮೇಲೆ ಬೇರೊಂದು ದಿನ ನಮ್ಮ ಊರಿನ ಈಗಿನ ನಗರಾಡಳಿತದ ಕಚೇರಿಯನ್ನೂ ನೋಡೋಣ. ನೀರು, ಚರಂಡಿ, ಬೀದಿ ದೀಪ, ಕಸದ ಬಗ್ಗೆ ತೀರ್ಮಾನವಾಗುವುದು ಅಲ್ಲಿ. ಊರಿನ ಆಡಳಿತ ಜನ ಆರಿಸಿದವರ ಕೈಯಲ್ಲಿರಬೇಕು ಎಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೊಂದು ವರ್ಷದಲ್ಲಿ 18 ತುಂಬುತ್ತದೆ, ಮತ ಬರುತ್ತದೆ. ದಿವಾನ್-ಎ-ಆಮ್‌ನಲ್ಲಿ ನಿಂತ ಪ್ರಜೆ ಅರಸನನ್ನು ಆರಿಸಿದವನಲ್ಲ. ನಾವು ಆರಿಸುವವರು. ಈ ವ್ಯತ್ಯಾಸ ಪೌರನೀತಿಯ ಪುಸ್ತಕದಲ್ಲಿ ಒಂದು ಸಾಲು. ಎರಡೂ ಜಾಗದಲ್ಲಿ ನಿಂತು ಬಂದರೆ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಪ್ರವಾಸ ಸಮಿತಿಯ ಸಭೆ ಸದ್ಯದಲ್ಲೇ ಇದೆ ಎಂದು ಕೇಳಿದ್ದೇನೆ. ಈ ಲೇಖನವನ್ನೇ ನನ್ನ ಅರ್ಜಿ ಎಂದು ತಿಳಿದುಕೊಳ್ಳಬೇಕಾಗಿ ಸಮಿತಿಯ ಹಿರಿಯರಲ್ಲಿ ವಿನಂತಿ. ಒಪ್ಪುವ ಗೆಳೆಯ ಗೆಳತಿಯರು ನಿಮ್ಮ ತರಗತಿಯ ಪ್ರತಿನಿಧಿಗೆ ಹೇಳಿ. ಒಪ್ಪದವರು ಏಕೆ ಒಪ್ಪುವುದಿಲ್ಲ ಎಂದು ಇದೇ ಪುಟದಲ್ಲಿ ಬರೆಯಿರಿ. ಆಮ್ ಎಂದ ಮೇಲೆ ಎಲ್ಲರ ಮಾತೂ ಬರಬೇಕು.